ನಾಲ್ಕು ಮೂಲೆಗೆ ಅರಿಶಿನ

ಸಿಂಗಟಗೆರೆಯ ಹೊನ್ನಯ್ಯನ ಮನೆಗೆ ಯಾವ ಕಾಗದ ಬಂದರೂ ಅದು ಮೊದಲು ಹೋಗುತ್ತಿದ್ದದ್ದು ದೇವರ ಗೂಡಿಗೆ. ಜಮೀನಿನ ಖಾತೆ ಪತ್ರವಿರಲಿ, ರೇಷನ್ ಕಾರ್ಡಿರಲಿ, ಯಾರದೋ ಲಗ್ನಪತ್ರಿಕೆಯಿರಲಿ, ಹೊನ್ನಯ್ಯನ ತಾಯಿ ಕೆಂಚಮ್ಮ ಅದನ್ನು ಎರಡು ಕೈಯಲ್ಲೂ ಇಸಿದುಕೊಳ್ಳುತ್ತಿದ್ದಳು. ನಾಲ್ಕು ಮೂಲೆಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ, ನಟ್ಟನಡುವೆ ಹೆಬ್ಬೆರಳಗಲ ಕುಂಕುಮ. ಮೂರು ದಿನ ದೇವರ ಮುಂದೆ ಕೂತ ಮೇಲೆಯೇ ಅದು ಮನೆಯ ಕಾಗದವಾಗುತ್ತಿತ್ತು. ಹೊಸ ಪಂಪ್‌ಸೆಟ್ಟಿನ ಜೊತೆ ಬಂದ ಗ್ಯಾರಂಟಿ ಕಾರ್ಡಿಗೂ ಇದೇ ಮರ್ಯಾದೆ ನಡೆದಿತ್ತು. ಮೋಟರು ಕೆಟ್ಟಾಗ ಕಾರ್ಡು ನೋಡಿದ ಅಂಗಡಿಯವನು, "ಏನ್ ಯಜಮಾನ್ರೇ, ಮೋಟ್ರಿಗೆ ಮದ್ವೆ ಮಾಡಿದ್ರಾ" ಎಂದು ಕೇಳಿದ್ದ.

ಎಂಬತ್ತೆರಡನೇ ಇಸವಿಯ ಜುಲೈ ತಿಂಗಳಲ್ಲಿ ಹೊನ್ನಯ್ಯ ಕೊಬ್ಬರಿಯ ಕೆಲಸಕ್ಕೆಂದು ಅಜ್ಜಂಪುರಕ್ಕೆ ಹೋದವನು ಮಗಳು ಹುಲಿಗೆಮ್ಮನ ಪಿಯುಸಿ ಮಾರ್ಕ್ಸ್ ಕಾರ್ಡನ್ನೂ ಟಿ.ಸಿ.ಯನ್ನೂ ಕಾಲೇಜಿನಿಂದ ಇಸಿದುಕೊಂಡು ಬಂದ. ಹುಲಿಗೆಮ್ಮ ಎರಡು ವರ್ಷ ಅಜ್ಜಂಪುರದ ಸೋದರತ್ತೆಯ ಮನೆಯಲ್ಲಿದ್ದು ಓದಿದ್ದಳು. ಕಾರ್ಡು ಬಂದ ದಿನ ಅವಳು ಮನೆಯಲ್ಲಿರಲಿಲ್ಲ. ಹಿರೇನಲ್ಲೂರಿನಲ್ಲಿ ಅಕ್ಕನ ಬಾಣಂತನಕ್ಕೆ ಕೈಜೋಡಿಸಲು ಹೋಗಿದ್ದಳು. ಹೊನ್ನಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಾರ್ಡನ್ನು ಬಿಚ್ಚಿ ನೋಡುವ ಗೋಜಿಗೂ ಅವನು ಹೋಗಲಿಲ್ಲ. ಹೆಂಡತಿ ಲಿಂಗಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಪಾಸಂತಾ?"

"ಕಾಗದ ಕೊಟ್ಟವ್ರೆ ಅಂದ್ಮೇಲೆ ಪಾಸೇ ಅಲ್ವೇನೇ. ಫೇಲಾದೋರಿಗೆ ಯಾಕೆ ಕಾಗದ ಖರ್ಚು ಮಾಡ್ತಾರೆ."

ಮನೆಯವರಿಗೆಲ್ಲ ಆ ಮಾತು ಸರಿಯೆನ್ನಿಸಿತು. ಹಿರೇನಲ್ಲೂರಿಗೆ ಸುದ್ದಿ ಹೋಯಿತು. ಹುಲಿಗೆಮ್ಮನಿಗೂ ಸರಿಯೆನ್ನಿಸಿತು, ಅಥವಾ ಸರಿಯೆನ್ನಿಸಲಿ ಎಂದು ಅವಳು ಬಯಸಿದಳು. ಅವಳಲ್ಲಿ ಈ ಎರಡಕ್ಕೂ ನಡುವೆ ಬೇಲಿ ಇರಲಿಲ್ಲ. ಅಕ್ಕನ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹೊಯ್ಯುವಾಗಲೇ ಅವಳು ಕಡೂರಿನ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಳು. ಕೈಯಲ್ಲಿ ಎರಡೇ ಪುಸ್ತಕ, ಹೆಗಲ ಮೇಲೆ ಮುಂದಕ್ಕೆ ಬಿಟ್ಟ ಜಡೆ. ನೀರು ಮಗುವಿನ ಮೂಗಿಗೆ ಹೋಗಿ ಅಕ್ಕ ಬೈದಾಗಲೇ ಅವಳು ಮೆಟ್ಟಿಲಿಳಿದದ್ದು.

ಅಪ್ಪ ಒಂದೇ ಒಂದು ಮಾತು ಹಾಕಿದ್ದ. ಹಿರೇನಲ್ಲೂರಿನಲ್ಲೇ ಅಕ್ಕನ ಮೈದುನನಿಗೆ ಹುಲಿಗೆಮ್ಮನನ್ನು ಕೇಳಿದ್ದರು. ಹುಡುಗ ಒಳ್ಳೆಯವನು, ಹದಿನೈದು ಎಕರೆ ಹೊಲ, ತೆಂಗು. "ಈ ವರ್ಷ ಕಾಲೇಜಿಗೆ ಸೇರ್ಕಂಡ್ರೆ ಓದ್ಕೋ, ಬ್ಯಾಡ ಅನ್ನಲ್ಲ. ಸೇರಲಿಲ್ಲ ಅಂದ್ರೆ ಶ್ರಾವಣದಾಗೆ ಮಾತು ಕೊಡ್ತೀನಿ. ಸುಮ್ಕೆ ಮನೇಲಿ ಕೂತ್ಕಂಡು ಕನಸು ಕಾಣೋದು ಮಾತ್ರ ಬ್ಯಾಡ." ಕಾಲೇಜಿಗೆ ಸೇರುವ ಕೊನೆಯ ದಿನ ಜುಲೈ ತಿಂಗಳ ಮೂರನೇ ಶನಿವಾರ.

ಅವಳು ಊರಿಗೆ ಬಂದದ್ದು ಆ ವಾರದ ಬುಧವಾರ. ದೇವರ ಗೂಡಿನಿಂದ ಕಾರ್ಡನ್ನು ಅಜ್ಜಿಯೇ ತೆಗೆದು ಕೊಟ್ಟಳು. ಮಡಿಸಿದ್ದ ಕಾಗದ ಎಣ್ಣೆಗೆ ಅಂಟಿಕೊಂಡು ಬಿಡಿಸುವಾಗ ಚರ್‍ರೆಂದಿತು. ಕಾಲೇಜಿನವರು ಶಾಯಿಯಲ್ಲಿ ಬರೆದ ಕಾರ್ಡು ಅದು. ಎಡಮೂಲೆಯ ಮೇಲಿನ ಅರಿಶಿನದ ಕೆಳಗೆ ಬೋರ್ಡಿನ ಮೊಹರು ಹೋಗಿತ್ತು, ಬಲಮೂಲೆಯಲ್ಲಿ ಅವಳ ರಿಜಿಸ್ಟರ್ ನಂಬರು. ಕೆಳಗೆ ಎಡಕ್ಕೆ ತಾರೀಕು. ಕೆಳಗೆ ಬಲಕ್ಕೆ ಒಟ್ಟು ಅಂಕ, ದರ್ಜೆ ಎರಡೂ ಹಳದಿ ಮೋಡದೊಳಗೆ ಮಂಕು ಹೊಗೆಯಾಗಿದ್ದವು. ನಡುವಿನ ಕುಂಕುಮ ಕೂತಿದ್ದದ್ದು ರಸಾಯನಶಾಸ್ತ್ರದ ಮೇಲೆ, ಅಂಕಿಯನ್ನೂ ಅಕ್ಷರವನ್ನೂ ಸೇರಿಸಿ ಮುಚ್ಚಿಕೊಂಡು. ಉಳಿದ ಐದು ವಿಷಯ ಚೆನ್ನಾಗಿಯೇ ಕಾಣುತ್ತಿದ್ದವು. ಕನ್ನಡದಲ್ಲಿ ಎಪ್ಪತ್ತೊಂದು ಬಂದಿತ್ತು.

"ಅಜ್ಜಿ, ಏನ್ಮಾಡ್ಬಿಟ್ಟೆ ಇದು."

"ಏನಾತು? ಯಾವತ್ತೂ ಮಾಡೋದೇ ಮಾಡಿದ್ದು."

"ಇದು ಮಾರ್ಕ್ಸ್ ಕಾರ್ಡು ಅಜ್ಜಿ. ಇದನ್ನ ಕಾಲೇಜಿನೋರು ಓದ್ಬೇಕು."

ಲಿಂಗಮ್ಮ ಅಡುಗೆಮನೆಯಿಂದ ಬಂದು ನೋಡಿ ಹಣೆ ಬಡಿದುಕೊಂಡಳು. ಅತ್ತೆಗೆ ಎದುರಾಡದ ಹೆಂಗಸು ಅವತ್ತು ನಾಲ್ಕು ಮಾತಾಡಿದಳು. ಹೊನ್ನಯ್ಯ ತೋಟದಿಂದ ಬಂದವನು ಇನ್ನೂ ನಾಲ್ಕು ಸೇರಿಸಿದ. ಕೆಂಚಮ್ಮ ಎಲೆಯಡಿಕೆ ಚೀಲ ತೆಗೆದುಕೊಂಡು ಕೊಟ್ಟಿಗೆಯ ಜಗಲಿಗೆ ಹೋಗಿ ಕೂತಳು. ಊಟಕ್ಕೂ ಒಳಗೆ ಬರಲಿಲ್ಲ. ತಟ್ಟೆಯನ್ನು ಅಲ್ಲಿಗೇ ತಲುಪಿಸಬೇಕಾಯಿತು.

ಗುರುವಾರ ಅಪ್ಪ ಮಗಳು ಮೊದಲ ಬಸ್ಸಿಗೇ ಕಡೂರಿಗೆ ಹೋದರು. ಕಾಲೇಜಿನ ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದವರು ಉಗ್ರಪ್ಪ ಎಂಬ ಗುಮಾಸ್ತರು. ಹೆಸರಿನ ಉಗ್ರವೆಲ್ಲ ಹೆಸರಿನಲ್ಲೇ ಮುಗಿದುಹೋಗಿ ಮನುಷ್ಯ ಮೆತ್ತಗಿದ್ದರು. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಸಿಯೂ ನೋಡಿದರು.

"ಒಗ್ಗರಣೆ ಒಂದು ಬಾಕಿ ಐತೆ," ಎಂದರು.

"ನಮ್ಮವ್ವ, ಸ್ವಾಮಿ. ವಯಸ್ಸಾದೋಳು," ಎಂದ ಹೊನ್ನಯ್ಯ.

"ಅಲ್ಲ ಯಜಮಾನ್ರೇ, ಕರೆಕ್ಟಾಗಿ ಎಲ್ಲೆಲ್ಲಿ ಬೇಕೋ ಅಲ್ಲಲ್ಲೇ ಇಟ್ಟವ್ರಲ್ಲ ನಿಮ್ಮವ್ವ. ನಂಬರಿಲ್ಲ, ಟೋಟಲ್ಲಿಲ್ಲ, ಕ್ಲಾಸಿಲ್ಲ. ಕೆಮಿಸ್ಟ್ರಿ ಅಂತೂ ಮುತ್ತೈದೆ ಹಂಗೆ ಕೂತದೆ." ಆಮೇಲೆ ಹುಲಿಗೆಮ್ಮನ ಕಡೆ ತಿರುಗಿದರು. "ಎಷ್ಟಮ್ಮಾ ಬಂದಿತ್ತು ಕೆಮಿಸ್ಟ್ರೀಲಿ?"

"ನಾನು ನೋಡಲಿಲ್ಲ ಸಾರ್."

"ನಿಂದೇ ಕಾರ್ಡು ನೀನೇ ನೋಡ್ಲಿಲ್ವಾ?"

"ನಾನು ಬರೋ ಹೊತ್ಗೆ ಪೂಜೆ ಆಗಿತ್ತು."

ಪಕ್ಕದ ಮೇಜಿನವರು ನಕ್ಕರು. ಉಗ್ರಪ್ಪ ನಗಲಿಲ್ಲ. ಕಾರ್ಡನ್ನು ಮಡಿಸಿ ವಾಪಸು ಕೊಟ್ಟರು. "ನೀನು ಓದಿದ ಕಾಲೇಜಲ್ಲಿ ಅಂಕಪಟ್ಟಿ ರಿಜಿಸ್ಟರು ಇರ್ತದೆ. ಅದನ್ನ ನೋಡಿ ಒಂದು ಕಾಗದ ಬರ್ಕೊಡ್ಲಿ, ಸಾಕು. ಶನಿವಾರ ಸಂಜೆ ನಾಲ್ಕರೊಳಗೆ ತಗೊಂಡ್ಬಾ."

ಹೊರಗೆ ಬಂದ ಮೇಲೆ ಹೊನ್ನಯ್ಯ, ನಾಳೆ ತೆಂಗಿನಕಾಯಿ ಕೀಳುವವರು ಬರುತ್ತಾರೆ, ತಾನು ಬರಲಾಗದು ಎಂದ. ಅಜ್ಜಂಪುರ ಅವಳಿಗೆ ಹೊಸದಲ್ಲ, ಒಬ್ಬಳೇ ಹೋಗಬಹುದು. ಬಸ್ಸಿಗೆ ಕಾಯುವಾಗ ಅವನು ಎರಡು ಸಲ ಕೇಳಿದ: "ಕೆಮಿಸ್ಟ್ರಿ ಅಂದ್ರೆ ಯಾವ್ದು? ಆ ಬಣ್ಣದ ನೀರು ಕಾಯ್ಸೋದಾ?" ಅವಳು ಎರಡು ಸಲವೂ ಹೂಂ ಎಂದಳು.

ಅವತ್ತು ರಾತ್ರಿ ಊಟವಾದ ಮೇಲೆ ಕತೆಯಿರಲಿಲ್ಲ. ಅಜ್ಜಂಪುರದ ಎರಡು ವರ್ಷ ಬಿಟ್ಟರೆ, ಹುಲಿಗೆಮ್ಮ ಹುಟ್ಟಿದಾಗಿನಿಂದ ಅಜ್ಜಿಯ ಕತೆ ಇಲ್ಲದ ದಿನಗಳು ಕಡಿಮೆ. ಅದರಲ್ಲೂ ಮೂಗುತಿ ಕಳಕೊಂಡ ರಾಜಕುಮಾರಿಯ ಕತೆ ಅವಳಿಗೆ ಬಲು ಇಷ್ಟ. ರಾಜಕುಮಾರಿ ಒಂದು ಕೆರೆಯನ್ನು ಕೇಳುತ್ತಾಳೆ. ನನ್ನ ಕೋಡಿ ಹರಿದು ಕೆಳಗಿನ ಕೆರೆಗೆ ಹೋಯ್ತು, ಅದನ್ನೇ ಕೇಳು ಅನ್ನುತ್ತದೆ ಆ ಕೆರೆ. ಕೆಳಗಿನ ಕೆರೆ ಅದರ ಕೆಳಗಿನ ಕೆರೆಯನ್ನು ತೋರಿಸುತ್ತದೆ. ಕೊನೆಗೆ ಮೂಗುತಿ ಎಲ್ಲಿ ಸಿಕ್ಕಿತು ಎಂಬುದು ಮಾತ್ರ ಅಜ್ಜಿಯ ಬಾಯಲ್ಲಿ ಒಂದೊಂದು ದಿನ ಒಂದೊಂದು ಥರ. ಒಮ್ಮೆ ಮೀನಿನ ಹೊಟ್ಟೆಯಲ್ಲಿ, ಒಮ್ಮೆ ಅಗಸಗಿತ್ತಿಯ ಮೂಗಿನಲ್ಲಿ, ಒಮ್ಮೆ ಅದು ಕಳೆದೇ ಇರಲಿಲ್ಲ. ಯಾವುದು ನಿಜ ಅಜ್ಜಿ ಎಂದರೆ, "ನಿದ್ದೆ ಯಾವಾಗ ಬರ್ತದೋ ಅದೇ ನಿಜ" ಎನ್ನುತ್ತಿದ್ದಳು. ಕೊಟ್ಟಿಗೆಯ ಕಡೆಯಿಂದ ಅಡಿಕೆ ಕುಟ್ಟುವ ಸದ್ದು ಮಾತ್ರ ಕೇಳಿಸುತ್ತಿತ್ತು. ಹುಲಿಗೆಮ್ಮ ಎದ್ದು ಹೋಗಲಿಲ್ಲ. ಸಿಟ್ಟಿತ್ತು. ಸಿಟ್ಟಿನ ಅಡಿಯಲ್ಲಿ ಇನ್ನೇನೋ ಇತ್ತು, ಅದರ ಹೆಸರು ಅವಳಿಗೆ ಗೊತ್ತಾಗಲಿಲ್ಲ.

ಶುಕ್ರವಾರ ಹತ್ತೂವರೆಗೆ ಅವಳು ಅಜ್ಜಂಪುರದ ಕಾಲೇಜಿನ ಮುಂದಿದ್ದಳು. ಗೇಟಿನಲ್ಲಿ ಜವಾನ ಕರಿಯಣ್ಣ ಸಿಕ್ಕಿದ.

"ಏನವ್ವ ಹುಲಿಗೆಮ್ಮ, ಇನ್ನೂ ಬಿಡಂಗಿಲ್ವಾ ನಮ್ಮನ್ನ?"

ಅವಳು ವಿಷಯ ಹೇಳಿದಳು. ಕರಿಯಣ್ಣ ಗಲ್ಲ ಕೆರೆದುಕೊಂಡ. ಅಂಕಪಟ್ಟಿ ರಿಜಿಸ್ಟರು ಇಲ್ಲಿಲ್ಲ, ಬೋರ್ಡಿನ ಅಧಿಕಾರಿ ತಾಲ್ಲೂಕಿನ ಎಲ್ಲ ಕಾಲೇಜುಗಳ ರಿಜಿಸ್ಟರನ್ನೂ ತರೀಕೆರೆಗೆ ತರಿಸಿಕೊಂಡು ತಾಳೆ ನೋಡುತ್ತಿದ್ದಾರೆ, ಹೆಡ್ ಗುಮಾಸ್ತರು ಈರಭದ್ರಪ್ಪನವರು ಅದನ್ನು ತೆಗೆದುಕೊಂಡು ಅಲ್ಲಿಗೇ ಹೋಗಿದ್ದಾರೆ. "ಹನ್ನೊಂದು ಗಂಟೆ ಬಸ್ಸೈತೆ ನೋಡು, ಓಡು. ಅಲ್ಲಿ ಕಾಲೇಜಿನ ದೊಡ್ಡ ಹಾಲ್‌ನಾಗೆ ಇರ್ತಾರೆ."

ಒಂದು ಕೆರೆ ಆಯಿತು ಎಂದುಕೊಂಡಳು ಹುಲಿಗೆಮ್ಮ.

ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ ಅವಳು ಆ ಕುಂಕುಮದ ಕೆಳಗೆ ಬೇರೆ ಬೇರೆ ಅಂಕಿಗಳನ್ನು ಇಟ್ಟು ನೋಡಿದಳು. ಐವತ್ತೆಂಟು ಇಟ್ಟಳು. ಅದು ಜಂಬವಾಯಿತೆನ್ನಿಸಿ ನಲವತ್ತೆರಡಕ್ಕೆ ಇಳಿದಳು. ಆಮೇಲೆ, ಬೇಡವೆಂದರೂ, ಏಪ್ರಿಲ್ ತಿಂಗಳ ಆ ಮಧ್ಯಾಹ್ನ ನೆನಪಾಯಿತು. ರಸಾಯನಶಾಸ್ತ್ರದ ಪರೀಕ್ಷೆ. ಕಿಟಕಿಯಾಚೆ ಒಂದು ಕತ್ತೆ ಒಬ್ಬಂಟಿಯಾಗಿ ನಿಂತು ಯಾರಿಗೋ ಕಾಯುತ್ತಿತ್ತು. ಯಾರಿಗೆ ಎಂದು ಅವಳು ಸುಮಾರು ಹೊತ್ತು ಯೋಚಿಸಿದ್ದಳು. ಬರೆದು ಮುಗಿಸಿ ಹೊರಗೆ ಬಂದಾಗ ಹುಡುಗಿಯರು ಯಾವುದೋ ಪ್ರಶ್ನೆಯ ಬಗ್ಗೆ ಗುಸುಗುಸು ಮಾತಾಡುತ್ತಿದ್ದರು. ಅಂಥ ಪ್ರಶ್ನೆಯನ್ನೇ ಅವಳು ನೋಡಿರಲಿಲ್ಲ. ಪ್ರಶ್ನೆಪತ್ರಿಕೆಗೆ ಹಿಂದೊಂದು ಪುಟವಿತ್ತೇ? ಅವಳು ಆ ಕ್ಷಣ ಯಾರನ್ನೂ ಕೇಳಲಿಲ್ಲ. ಮನೆಗೆ ಹೋಗಿ ಪತ್ರಿಕೆಯನ್ನೂ ತಿರುವಲಿಲ್ಲ. ಅತ್ತೆ ಅದರಲ್ಲಿ ಕಡಲೆಬೀಜ ಸುತ್ತಿ ಯಾರಿಗೋ ಕೊಟ್ಟುಬಿಟ್ಟಿದ್ದಳು, ಅದಕ್ಕೆ ಅವಳಿಗೆ ಸಮಾಧಾನವೇ ಆಗಿತ್ತು.

ತರೀಕೆರೆಯ ಕಾಲೇಜಿನ ಹಾಲಿನಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ ನಡುವೆ ಜಮಖಾನ ಹಾಸಿದ್ದರು. ಅದರ ಮೇಲೆ ರಿಜಿಸ್ಟರುಗಳ ಗುಡ್ಡೆ. ಒಂದೊಂದು ಗುಡ್ಡೆಯ ಪಕ್ಕ ಒಬ್ಬೊಬ್ಬ ಗುಮಾಸ್ತರು ಕಾಲು ಮಡಚಿ ಕೂತಿದ್ದರು. ಈರಭದ್ರಪ್ಪನವರು ಕನ್ನಡಕ ಹಣೆಗೇರಿಸಿ ಮೊಸರನ್ನ ತಿನ್ನುತ್ತಿದ್ದರು.

"ಇಲ್ಲಿಗ್ಯಾಕಮ್ಮ ಬಂದೆ ನೀನು?"

ಅವಳು ಮತ್ತೆ ಮೊದಲಿನಿಂದ ಹೇಳಿದಳು. ಎಷ್ಟು ಸಲ ಹೇಳಿದರೂ ಅಜ್ಜಿ, ಅರಿಶಿನ, ಕುಂಕುಮ ಎನ್ನುವಾಗ ಯಾವುದೋ ಕತೆ ಹೇಳಿದಂತೆಯೇ ಆಗುತ್ತಿತ್ತು. ಈರಭದ್ರಪ್ಪನವರು ಕಾರ್ಡು ನೋಡಿ ಕೈಮುಗಿದರು. "ನನ್ನ ಕೈಬರಹಾನೇ ಕಣಮ್ಮ ಇದು. ಆದ್ರೆ ಇನ್ನೂರು ಕಾರ್ಡು ಬರ್ದೀನಿ. ಯಾರ್ದು ಎಷ್ಟು ಅಂತ ನೆನಪಿಟ್ಕೊಂಡ್ರೆ ನಾನು ಮನೆ ದಾರಿ ಮರೀತೀನಿ."

"ರಿಜಿಸ್ಟರು ನೋಡಿ ಹೇಳ್ತೀರಾ ಸಾರ್?"

ಅವರು ಹಾಲಿನ ಕೊನೆಯಲ್ಲಿ ಮುಚ್ಚಿದ್ದ ಬಾಗಿಲು ತೋರಿಸಿದರು. ರಿಜಿಸ್ಟರು ಸಾಹೇಬರ ಮೇಜಿನ ಮೇಲಿದೆ, ಸಾಹೇಬರು ತಾಳೆ ನೋಡಿ ಸಹಿ ಹಾಕುವವರೆಗೆ ಮುಟ್ಟುವ ಹಾಗಿಲ್ಲ, ಸೋಮವಾರ ಸಂಜೆ ಕೈಗೆ ಬರುತ್ತದೆ, ಮಂಗಳವಾರ ಬೆಳಿಗ್ಗೆ ಅಜ್ಜಂಪುರದಲ್ಲಿರುತ್ತದೆ.

"ನಾಳೇನೇ ಕೊನೇ ದಿನ ಸಾರ್."

ಈರಭದ್ರಪ್ಪನವರು ಡಬ್ಬಿಗೆ ಮುಚ್ಚಳ ಹಾಕಿ, ಕೈತೊಳೆದು ಬಂದು, ಒಂದು ಕಾಗದ ಬರೆದರು. ಸದರಿ ಹುಲಿಗೆಮ್ಮ ತಮ್ಮ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದು ನಿಜ, ಪರೀಕ್ಷೆಗೆ ಕೂತದ್ದು ನಿಜ, ನಡತೆ ಒಳ್ಳೆಯದು. ಓದಿ ನೋಡಿದ ಹುಲಿಗೆಮ್ಮ, "ಪಾಸಾಗಿದೀನಿ ಅಂತ ಬರೀಲಿಲ್ಲ" ಎಂದಳು.

"ಗೊತ್ತಿದ್ದದ್ದು ಬರ್ದೀನಿ. ಗೊತ್ತಿಲ್ಲದ್ದು ಹೆಂಗಮ್ಮ ಬರೀಲಿ? ನೀನು ಪಾಸಾಗಿದೀಯಾ?"

"ಆಗಿರ್ಬೇಕು ಸಾರ್."

"ಆಗಿರ್ಬೇಕು ಅನ್ನೋದಕ್ಕೆ ಮೊಹರು ಹಾಕಕ್ಕೆ ಬರಲ್ವಲ್ಲಾ," ಎಂದು ಅವರು ಬೇಸರದಿಂದಲೇ ಅಂದರು.

ಶನಿವಾರ ಕಡೂರಿನ ಕಾಲೇಜಿನಲ್ಲಿ ಜನವೋ ಜನ. ಮಧ್ಯಾಹ್ನ ಮೂರಕ್ಕೆ ಹುಲಿಗೆಮ್ಮನ ಸರದಿ ಬಂತು. ಉಗ್ರಪ್ಪ ಈರಭದ್ರಪ್ಪನವರ ಕಾಗದವನ್ನು ಎರಡು ಸಲ ಓದಿ, ಒಳಗೆ ಪ್ರಿನ್ಸಿಪಾಲರ ಬಳಿ ಹೋಗಿ ಬಂದರು.

"ನೋಡಮ್ಮ, ಪ್ರಿನ್ಸಿಪಾಲರು ಒಪ್ಪವ್ರೆ. ಸೀಟು ಹಿಡಿದಿಟ್ಟಿರ್ತೀನಿ. ಅಜ್ಜಂಪುರದಿಂದ ಕಾಗದ ಬಂದ್ಮೇಲೆ ಪಕ್ಕಾ ಮಾಡೋದು. ಸೋಮವಾರ ಬಂದು ಫೀಸು ಕಟ್ಟು." ದಾಖಲಾತಿ ಪುಸ್ತಕದಲ್ಲಿ ಎಲ್ಲರ ಹೆಸರೂ ಶಾಯಿಯಲ್ಲಿದ್ದವು. ಉಗ್ರಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. ಅರವತ್ತೆರಡನೆಯ ಸಾಲಿನಲ್ಲಿ ಅವಳ ಹೆಸರನ್ನು ದುಂಡಗೆ, ಒತ್ತಿ ಬರೆದರು.

ಅವಳು ಕೌಂಟರಿನ ಈಚೆಯಿಂದ ತಲೆಕೆಳಗಾಗಿ ಆ ಹೆಸರನ್ನು ನೋಡಿದಳು. ಸಂತೋಷವಾಯಿತು. ಸಂತೋಷವೇ ಹೌದೇ ಎಂದು ಅನುಮಾನವೂ ಆಯಿತು. ಬೀದಿಗೆ ಬಂದರೆ ಕಡೂರಿನ ರಸ್ತೆ, ಸೈಕಲ್ಲುಗಳು, ಕಬ್ಬಿನ ಹಾಲಿನ ಗಾಣ ಎಲ್ಲ ಇದ್ದ ಹಾಗೇ ಇದ್ದವು. ತಾನು ಮಾತ್ರ ಇದ್ದೂ ಇಲ್ಲದ ಹಾಗೆ, ಒಂದು ರಬ್ಬರಿನಷ್ಟು ದೂರದಲ್ಲಿದ್ದೇನೆ ಅನ್ನಿಸಿತು.

ಮನೆಯಲ್ಲಿ ಎಲ್ಲರಿಗೂ ನಿರಾಳ. ಲಿಂಗಮ್ಮ ಪಾಯಸಕ್ಕೆ ತೆಂಗಿನಕಾಯಿ ತುರಿದಳು. ಹೊನ್ನಯ್ಯ, ಹಿರೇನಲ್ಲೂರಿಗೆ ಸದ್ಯಕ್ಕೆ ಬೇಡ ಅಂತ ಹೇಳಿಕಳಿಸುತ್ತೇನೆ ಎಂದ. ಕೆಂಚಮ್ಮ ಮಾತ್ರ ಜಗಲಿ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಹುಲಿಗೆಮ್ಮ ಪಾಯಸದ ಬಟ್ಟಲು ಹಿಡಿದು ಅಲ್ಲಿಗೆ ಹೋಗಿ ಪಕ್ಕದಲ್ಲಿ ಕೂತಳು. ಕರು ಬಂದು ಅವಳ ಸೆರಗು ನೆಕ್ಕಿತು.

"ಸೀಟು ಸಿಕ್ತು ಅಜ್ಜಿ."

"ಸಿಗದೇ ಏನು." ಅಜ್ಜಿ ಬಟ್ಟಲು ಮುಟ್ಟಲಿಲ್ಲ. "ಎಲ್ರೂ ಸೇರ್ಕಂಡು ನನ್ನ ಕೈಯಿಂದ ಕೆಟ್ಟೋಯ್ತು ಅಂದ್ರಲ್ಲ. ನಾನು ಸುಮ್‌ಸುಮ್ಕೆ ಎಲ್ಲಂದ್ರಲ್ಲಿ ಇಡೋಳಾ? ಅವ್ರು ಎಲ್ಲಿ ಇಟ್ಟಿದ್ರೋ ಅದ್ರ ಮ್ಯಾಲೇ ಇಟ್ಟಿದ್ದು ನಾನು."

"ಯಾರು ಎಲ್ಲಿ ಇಟ್ಟಿದ್ರು?"

"ನಿಮ್ಮ ಕಾಲೇಜಿನೋರು ಕಣೇ. ಕಾಗದ ಬಿಚ್ಚಿದೆ. ಎಲ್ಲಾ ನೀಲೀಲಿ ಬರ್ದಿತ್ತು. ನಡುವೆ ಒಂದೇ ಒಂದು ಕಡೆ ಕೆಂಪಗೆ ಬರ್ದು, ಕೆಳಗೆ ಕೆಂಪು ಗೆರೆ ಎಳ್ದಿದ್ರು. ಪರ್ವಾಗಿಲ್ವಲ್ಲ, ಇವ್ರೂ ಕುಂಕುಮ ಇಟ್ಟೇ ಕಳ್ಸವ್ರೆ, ನಮ್ಮ ಹುಡುಗಿ ಒಳ್ಳೇ ಜಾಗದಾಗೇ ಓದೌಳೆ ಅನ್ಕಂಡೆ. ಅದ್ರ ಮ್ಯಾಲೇ ನಮ್ಮನೇದೂ ಇಟ್ಟೆ."

ಹುಲಿಗೆಮ್ಮನ ಕೈ ಕರುವಿನ ಹಣೆಯ ಮೇಲೇ ನಿಂತುಬಿಟ್ಟಿತು. ಅಜ್ಜಂಪುರದ ಕಾಲೇಜಿನಲ್ಲಿ ಮೂವತ್ತೈದಕ್ಕಿಂತ ಕಡಿಮೆ ಬಂದ ಅಂಕವನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಕಿರುಪರೀಕ್ಷೆಗಳಲ್ಲಿ ಅವಳೇ ನೋಡಿದ್ದಳು.

"ಒಂದೇ ಕಡೆನಾ ಅಜ್ಜಿ? ಕೆಳಗೆ ಮೂಲೇಲಿ?"

"ಮೂಲೇಲೂ ಚೂರು ಇತ್ತು. ಅಲ್ಲಿಗೆ ಅರಿಶಿನ ಬಂತು." ಅಜ್ಜಿ ಮೊಮ್ಮಗಳ ಮುಖ ನೋಡಿದಳು. "ಯಾಕವ್ವ? ಕುಂಕುಮದ ಮ್ಯಾಲೆ ಕುಂಕುಮ ಇಡಬಾರ್ದಿತ್ತಾ?"

"ಇಡಬೌದು ಅಜ್ಜಿ," ಎಂದಳು ಹುಲಿಗೆಮ್ಮ. "ಪಾಯಸ ತಿನ್ನು, ಆರೋಗ್ತದೆ."

ಒಳಗೆ ಹೋಗಿ ಕಾರ್ಡು ತೆಗೆದು, ಇಷ್ಟು ದಿನ ಮುಟ್ಟಲು ಹೆದರಿದ್ದ ಆ ಬೊಟ್ಟನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಕೆಂಪಿನ ಕೆಳಗೆ ಕೆಂಪೇ ಬಂತು. ಅದು ಕುಂಕುಮವೋ ಶಾಯಿಯೋ ಹೇಳಲಾಗದಷ್ಟು ಒಂದರೊಳಗೊಂದು ಇಳಿದಿದ್ದವು. ಅಜ್ಜಿಯ ಕಣ್ಣು ಮಂಜಾಗಿರಬಹುದು, ಅದು ಹೆಡ್ಡಿಂಗಿನ ಗೆರೆಯಿರಬಹುದು ಎಂದು ಒಂದು ಮನಸ್ಸು ಹೇಳಿತು. ಪುಸ್ತಕದಲ್ಲಿ ಹೆಸರಿದೆ, ಸೀಟಿದೆ, ಮಂಗಳವಾರದ ತನಕ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಅಪ್ಪ ಹಿರೇನಲ್ಲೂರಿಗೆ ಬೇಡ ಅಂದಾಗಿರುತ್ತದೆ ಎಂದೂ ಅದೇ ಮನಸ್ಸು ಹೇಳಿತು. ಇನ್ನೊಂದು ಮನಸ್ಸು ಏನೂ ಹೇಳದೆ ಆ ತಿರುವದ ಪುಟವನ್ನೇ ತೋರಿಸುತ್ತಾ ಕೂತಿತ್ತು. ಭಾನುವಾರವೆಲ್ಲ ಅವಳು ಮಾಡಿದ ಕೆಲಸ ಒಂದೂ ನೆಟ್ಟಗಾಗಲಿಲ್ಲ. ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಹಾಕಿದಳು.

ಸೋಮವಾರ ಫೀಸು ಕಟ್ಟಲು ಹೊನ್ನಯ್ಯನೂ ಜೊತೆಗೆ ಬಂದ. ಕೌಂಟರಿನಲ್ಲಿ ಉಗ್ರಪ್ಪ ಪುಸ್ತಕ ಬಿಚ್ಚಿ, "ಬಾಮ್ಮ ಅರವತ್ತೆರಡು" ಎಂದರು.

"ಸಾರ್, ನನ್ನ ಹೆಸರು ಅಳಿಸ್ಬಿಡಿ."

ಉಗ್ರಪ್ಪ ಅವಳನ್ನೂ ಹೊನ್ನಯ್ಯನನ್ನೂ ನೋಡಿದರು. "ಏನಂದೆ?"

"ಕೆಮಿಸ್ಟ್ರೀಲಿ ಫೇಲಾಗಿದೀನಿ ಅನ್ಸುತ್ತೆ ಸಾರ್."

"ಯಾರು ಹೇಳಿದ್ರು? ರಿಜಿಸ್ಟರು ಬಂತಾ?"

"ಇಲ್ಲ. ನಮ್ಮಜ್ಜಿ ಹೇಳಿದ್ಲು."

"ನಿಮ್ಮಜ್ಜಿಗೆ ಓದೋಕೆ ಬರ್ತದಾ?"

"ಬರಲ್ಲ."

ಉಗ್ರಪ್ಪ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಸೀಟು ಕೊಡಿ ಅಂತ ಅತ್ತವರನ್ನು, ಜಗಳ ಆಡಿದವರನ್ನು, ಶಿಫಾರಸು ತಂದವರನ್ನು ಕಂಡಿದ್ದೇನೆ, ಕೊಟ್ಟ ಸೀಟು ವಾಪಸು ತಗೊಳ್ಳಿ ಅಂದವರನ್ನು ಕಂಡಿಲ್ಲ, ಇದಕ್ಕೆ ಯಾವ ಫಾರಂ ತುಂಬಿಸಬೇಕೋ ತನಗೇ ತಿಳಿಯದು ಎಂದರು. ಆಗ ಹುಲಿಗೆಮ್ಮ ಕೆಂಪು ಗೆರೆಯ ಸಂಗತಿಯನ್ನು ಹೇಳಿದಳು. ಪಕ್ಕದ ಮೇಜಿನವರು ಈ ಸಲ ನಗಲಿಲ್ಲ.

ಹೊನ್ನಯ್ಯನಿಗೆ ಮಾತ್ರ ಒಂದು ವಿಷಯ ತಲೆಗೇ ಹೋಗಲಿಲ್ಲ. "ಸ್ವಾಮಿ, ಫೇಲಾದೋರಿಗೂ ಕಾಗದ ಕೊಡ್ತಾರಾ?"

"ಕೊಡ್ತಾರೆ ಯಜಮಾನ್ರೇ. ಅವ್ರಿಗೂ ಗೊತ್ತಾಗ್ಬೇಕಲ್ಲ."

"ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ," ಎಂದ ಹೊನ್ನಯ್ಯ, ಯಾರನ್ನು ದೂರುವುದೋ ತಿಳಿಯದೆ.

ಉಗ್ರಪ್ಪ ರಬ್ಬರು ಹುಡುಕಿ, ಹೆಸರನ್ನು ಉಜ್ಜಿದರು. ಒತ್ತಿ ಬರೆದದ್ದರಿಂದ ಅಚ್ಚು ಉಳಿಯಿತು. ಬೆಳಕಿಗೆ ಓರೆ ಹಿಡಿದರೆ ಹುಲಿಗೆಮ್ಮ ಎಂದು ಈಗಲೂ ಓದಬಹುದಿತ್ತು. "ಅಕ್ಟೋಬರ್‌ನಲ್ಲಿ ಇನ್ನೊಂದು ಪರೀಕ್ಷೆ ಐತೆ. ಅದೊಂದೇ ಸಬ್ಜೆಕ್ಟು ಬರೀಬೇಕು. ಅಜ್ಜಂಪುರಕ್ಕೆ ಹೋಗಿ ಫಾರಂ ತಗೋ. ಪಾಸಾದ್ರೆ ಬರೋ ವರ್ಷ ಬಾ. ನಾನಿಲ್ಲೇ ಇರ್ತೀನಿ, ಎಲ್ಲಿಗೋಗ್ಲಿ."

ಅಪ್ಪ ಮಗಳು ಕಾಲೇಜಿನ ಮುಂದಿನ ಹುಣಸೆಮರದ ಕಟ್ಟೆಯ ಮೇಲೆ ಕೂತರು. ಹುಡುಗಿಯರಿಬ್ಬರು ಎರಡೆರಡು ಪುಸ್ತಕ ಹಿಡಿದು ಮೆಟ್ಟಿಲು ಹತ್ತಿಹೋದರು. ಹೊನ್ನಯ್ಯ ಬಹಳ ಹೊತ್ತು ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ.

"ಯಾರೂ ಕೇಳಿರಲಿಲ್ವಲ್ಲೇ. ನೀನಾಗೇ ಯಾಕೆ ಹೇಳ್ದೆ?"

"ಗೊತ್ತಿಲ್ಲಪ್ಪ."

"ಸೇರಲಿಲ್ಲ ಅಂದ್ರೆ ಮಾತು ಕೊಡ್ತೀನಿ ಅಂದಿದ್ದೆ ನಾನು. ಈಗ ಇದನ್ನ ಸೇರಿದ್ದು ಅನ್ನೋದಾ, ಸೇರಲಿಲ್ಲ ಅನ್ನೋದಾ?"

"ನಂಗೂ ತಿಳೀತಿಲ್ಲ."

"ಹಿರೇನಲ್ಲೂರಿನೋರಿಗೆ ನಾನೇನು ಹೇಳ್ಲಿ ಹೇಳು."

"ಪೆನ್ಸಿಲಲ್ಲಿ ಬರ್ಕೊಳ್ಳೋಕೆ ಹೇಳಪ್ಪ. ಅಕ್ಟೋಬರ್ ತನಕ."

ಹೊನ್ನಯ್ಯನಿಗೆ ನಗು ಬರಬೇಕೋ ಸಿಟ್ಟು ಬರಬೇಕೋ ಗೊತ್ತಾಗದೆ ಕೆಮ್ಮು ಬಂತು. ಬಸ್ಸು ಹತ್ತುವಾಗ, "ಅಕ್ಟೋಬರ್ ಅಂದ್ರೆ ದಸರಾಕ್ಕೆ ಮುಂಚೆನೋ ಆಮೇಲೋ" ಎಂದು ಕೇಳಿದ.

ಮಂಗಳವಾರ ಅಜ್ಜಂಪುರದಲ್ಲಿ ರಿಜಿಸ್ಟರು ಬಂದಿತ್ತು. ಈರಭದ್ರಪ್ಪನವರು ಕನ್ನಡಕ ಇಳಿಸಿಕೊಂಡು ಬೆರಳು ಓಡಿಸಿದರು. ರಸಾಯನಶಾಸ್ತ್ರ ಇಪ್ಪತ್ತೊಂಬತ್ತು, ಕೆಂಪು ಶಾಯಿ. ಅವಳಿಗೆ ಅಳು ಬರುತ್ತದೆ ಎಂದುಕೊಂಡು ಅವರು ಕಿಟಕಿಯ ಕಡೆ ನೋಡಿದರು. ಅವಳಿಗೂ ಹಾಗೇ ಅನ್ನಿಸಿತ್ತು, ಆದರೆ ಬರಲಿಲ್ಲ. ಐವತ್ತೆಂಟು, ನಲವತ್ತೆರಡು ಎಂದು ಬಸ್ಸಿನಲ್ಲಿ ಇಟ್ಟು ನೋಡಿದ್ದ ಅಂಕಿಗಳಲ್ಲಿ ಇದೊಂದು ಮಾತ್ರ ಇರಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು, ಅಷ್ಟೆ.

"ಫಾರಂ ಕೊಡಿ ಸಾರ್. ಎರಡು."

"ಒಬ್ಬರಿಗೆ ಒಂದೇ ಕಣಮ್ಮ. ಎರಡ್ಯಾಕೆ?"

"ಒಂದು ನಮ್ಮಜ್ಜಿಗೆ."

ಈರಭದ್ರಪ್ಪನವರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಬೀರುವಿನ ಅಡಿಯಿಂದ, ಅಚ್ಚಿನಲ್ಲಿ ತಾರೀಕಿನ ಜಾಗವೇ ಬಿಟ್ಟುಹೋಗಿದ್ದ ಒಂದು ರದ್ದಾದ ಫಾರಂ ಹುಡುಕಿ, ಧೂಳು ಕೊಡವಿ, ಒಳ್ಳೆಯದರ ಜೊತೆಗೆ ಸೇರಿಸಿ ಕೊಟ್ಟರು. "ಮೂಲೆಗಳೆಲ್ಲ ಖಾಲಿ ಅವೆ ನೋಡು," ಎಂದರು.

ಸಂಜೆ ಮನೆಗೆ ಬಂದಾಗ ಕೆಂಚಮ್ಮ ಜಗಲಿ ಬಿಟ್ಟು ನಡುಮನೆಗೆ ಬಂದಿದ್ದಳು. ಮೊಮ್ಮಗಳ ಕೈಚೀಲದಿಂದ ಕಾಗದದ ತುದಿ ಕಂಡದ್ದೇ ತಡ, ಅರಿಶಿನದ ಬಟ್ಟಲಿಗೆ ಕೈ ಹೋಯಿತು. ಆಮೇಲೆ ಏನೋ ನೆನಪಾಗಿ ಕೈ ಹಿಂದಕ್ಕೆ ಬಂತು.

"ಇಡಬೌದೋ, ಬ್ಯಾಡವೋ?"

"ಇಡು ಅಜ್ಜಿ. ಒಂದ್ನಿಮಿಷ ತಾಳು."

ಎರಡು ಫಾರಮ್ಮುಗಳೂ ಚೀಲದೊಳಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಯಾವುದು ಒಳ್ಳೆಯದು, ಯಾವುದು ರದ್ದಾದದ್ದು ಎಂದು ಮೇಲ್ನೋಟಕ್ಕೆ ತಿಳಿಯಲಿಲ್ಲ. ಹುಲಿಗೆಮ್ಮ ಬಾಗಿಲ ಬೆಳಕಿಗೆ ಹೋಗಿ ಒಂದನ್ನು ಮೇಲಿಂದ ಕೆಳಗಿನವರೆಗೂ ಓದಿದಳು. ಆಮೇಲೆ ತಿರುವಿ ಹಿಂದಿನ ಪುಟವನ್ನೂ ಓದಿದಳು. ಇನ್ನೊಂದನ್ನು ಕೈಗೆತ್ತಿಕೊಂಡಳು. ಅಜ್ಜಿ ಹೆಬ್ಬೆರಳಿಗೆ ಕುಂಕುಮ ಅದ್ದಿಕೊಂಡು ಕಾಯುತ್ತಾ ಕೂತಿದ್ದಳು.